ಅತ್ತೂರಿನ ಸಾಂತ್‌ಮಾರಿ ನೋಡಿದ್ದೀರಾ?

ಕಾರ್ಕಳ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣೆದುರು ಬಂದು ನಿಲ್ಲುವುದು ಗೊಮ್ಮಟ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಆ ಮೂರ್ತಿಯನ್ನು ಶಾಲೆಯ ಪ್ರವಾಸದಲ್ಲೋ, ಮದುವೆಯಾದ ಹೊಸತರಲ್ಲೋ ನೋಡಿಯೇ ಇರುತ್ತೇವೆ. ಅದರ ಹತ್ತಿರವೇ ನಾಲ್ಕು ದಿಕ್ಕಿಗೂ ಬಾಗಿಲು ತೆರೆದಿಟ್ಟುಕೊಂಡ ಚತುರ್ಮುಖ ಬಸದಿ. ಅದು 1586ರದ್ದು. ಪೇಟೆಯೊಳಗೆ ಪಡುತಿರುಪತಿ ಎಂದು ಹೆಸರಾದ ವೆಂಕಟರಮಣ ದೇವಸ್ಥಾನ. ಇಷ್ಟು ನೋಡಿದರೆ ಕಾರ್ಕಳ ಮುಗಿಯಿತು ಎಂದು ನಾವು ಮಲೆನಾಡಿನವರು ಬಸ್ಸು ಹತ್ತಿಬಿಡುತ್ತೇವೆ.

ಆದರೆ ಜನವರಿ ತಿಂಗಳ ಕೊನೆಯಲ್ಲಿ ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನೋಡಿ. ಕೈಯಲ್ಲಿ ಚೀಲ, ಸೊಂಟದಲ್ಲಿ ಮಗು ಇರುವ ಹೆಂಗಸರನ್ನು ಕಂಡರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಸಾಂತ್‌ಮಾರಿಗೆ ಬಂದದ್ದಾ?”

ಸಾಂತ್‌ಮಾರಿ ಎಂದರೆ ಆ ಕಡೆಯ ಜನರ ಬಾಯಲ್ಲಿ ಇಗರ್ಜಿಯ ಜಾತ್ರೆ. ಪೇಟೆಯಿಂದ ಐದು ಕಿಲೋಮೀಟರಿನ ಆಸುಪಾಸಿನಲ್ಲಿ, ಪರ್ಪಲೆ ಗುಡ್ಡದ ಬುಡದಲ್ಲಿರುವ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯಲ್ಲಿ ವರ್ಷಕ್ಕೊಮ್ಮೆ ಐದು ದಿನ ಈ ಜಾತ್ರೆ. ಸಾಮಾನ್ಯವಾಗಿ ಭಾನುವಾರ ಶುರುವಾಗಿ ಗುರುವಾರಕ್ಕೆ ಮುಗಿಯುತ್ತದೆ. ಬರುವವರು ಲಕ್ಷಗಟ್ಟಲೆ. ಅವರಲ್ಲಿ ಕ್ರೈಸ್ತರು ಎಷ್ಟು, ಹಿಂದೂಗಳೆಷ್ಟು, ಜೈನರೆಷ್ಟು, ಮುಸಲ್ಮಾನರೆಷ್ಟು ಎಂದು ಕೇಳಿದರೆ ಅಲ್ಲಿನವರು ನಕ್ಕುಬಿಡುತ್ತಾರೆ. ಜಾತ್ರೆಗೆ ಬಂದವರನ್ನು ಹಾಗೆ ಲೆಕ್ಕ ಹಾಕುವ ವಾಡಿಕೆ ಅವರಿಗಿಲ್ಲ.

ನನ್ನ ನಾದಿನಿಯನ್ನು ಕೊಟ್ಟದ್ದು ಕಾರ್ಕಳಕ್ಕೆ. “ಅತ್ತಿಗೆ, ಒಂದು ಸಲ ಸಾಂತ್‌ಮಾರಿಗೆ ಬನ್ನಿ” ಎಂದು ಅವಳು ವರ್ಷ ವರ್ಷವೂ ಕರೆಯುವುದು, ಇಲ್ಲಿ ಅಡಿಕೆ ಸುಲಿತ, ಮಕ್ಕಳ ಪರೀಕ್ಷೆ ಎಂದು ನಾವು ಮುಂದೂಡುವುದು ನಡೆದೇ ಇತ್ತು. ಕಡೆಗೊಂದು ವರ್ಷ ನಮ್ಮ ಯಜಮಾನರೇ ಮನಸ್ಸು ಮಾಡಿದರು. ಕೊಪ್ಪದಿಂದ ಶೃಂಗೇರಿ, ಕೆರೆಕಟ್ಟೆ, ಅಲ್ಲಿಂದ ಮಾಳದ ಘಾಟಿ ಇಳಿದು ಬಜಗೋಳಿ, ಕಾರ್ಕಳ. ಘಾಟಿಯ ಮೇಲೆ ಶಾಲು ಹೊದ್ದು ಕುಳಿತವರು ಕೆಳಗೆ ಇಳಿಯುವಷ್ಟರಲ್ಲಿ ಬೀಸಣಿಗೆ ಹುಡುಕುವ ಹಾಗಾಯಿತು. ಕರಾವಳಿಯ ಚಳಿಗಾಲವೆಂದರೆ ಅಷ್ಟೇ. ಬೆಳಗಿನ ಜಾವ ಮತ್ತು ರಾತ್ರಿ ಮಾತ್ರ ಚಳಿ, ನಡುವೆ ಬಿಸಿಲೋ ಬಿಸಿಲು!

ಅಡುಗೆಯವರ ಸಂತ

ಈ ಲಾರೆನ್ಸರು ಯಾರು? ನಾದಿನಿಯ ಮನೆಯ ಪಕ್ಕದಲ್ಲೇ ಒಬ್ಬರು ಬಾಯಮ್ಮ ಇದ್ದಾರೆ. (ಆ ಕಡೆ ಕ್ರೈಸ್ತ ಹೆಂಗಸರನ್ನು ಗೌರವದಿಂದ ಬಾಯಮ್ಮ ಎಂದೇ ಕರೆಯುವುದು.) ರಾತ್ರಿ ಜಗಲಿಯಲ್ಲಿ ಕೂತು ಕಥೆ ಹೇಳಿದವರು ಅವರೇ.

ಲಾರೆನ್ಸರು ರೋಮ್ ನಗರದವರು. ಈಗ್ಗೆ ಸಾವಿರದ ಏಳುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಲ್ಲಿನ ಧರ್ಮಸಭೆಯಲ್ಲಿ ಸೇವಕ ಪದವಿಯಲ್ಲಿದ್ದವರು. ಸಭೆಯ ಹಣಕಾಸು ನೋಡಿಕೊಳ್ಳುವುದು, ಬಡವರಿಗೆ, ವಿಧವೆಯರಿಗೆ ಹಂಚುವುದು ಅವರ ಕೆಲಸ. ಆಗ ವಲೇರಿಯನ್ ಎಂಬ ಚಕ್ರವರ್ತಿಯ ಕಾಲ. ಕ್ರೈಸ್ತರಿಗೆ ಬಹಳ ಹಿಂಸೆ. 258ನೇ ಇಸವಿಯ ಆಗಸ್ಟ್ ತಿಂಗಳಲ್ಲಿ ಜಗದ್ಗುರುಗಳಾದ ಎರಡನೇ ಸಿಕ್ಸ್ಟಸರನ್ನು ಕೊಂದರು. ಆಮೇಲೆ ಅಧಿಕಾರಿಯೊಬ್ಬ ಲಾರೆನ್ಸರನ್ನು ಹಿಡಿದು, “ನಿಮ್ಮ ಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು” ಎಂದನಂತೆ. ಲಾರೆನ್ಸರು ಮೂರು ದಿನದ ಗಡುವು ಕೇಳಿ ಪಡೆದರು. ಆ ಮೂರು ದಿನದಲ್ಲಿ ಇದ್ದದ್ದನ್ನೆಲ್ಲ ಬಡವರಿಗೆ ಹಂಚಿದರು. ಗಡುವು ತೀರಿದ ದಿನ ಊರಿನ ಕುಂಟರು, ಕುರುಡರು, ಅನಾಥರನ್ನೆಲ್ಲ ಕರೆದುಕೊಂಡು ಹೋಗಿ ಅಧಿಕಾರಿಯ ಎದುರು ನಿಲ್ಲಿಸಿ, ನೀನು ಕೇಳಿದ ಸಂಪತ್ತು ಇದೇ ಎಂದರು. ಅವನಿಗೆ ಸಿಟ್ಟು ಬಾರದಿರುತ್ತದೆಯೇ? ಕಬ್ಬಿಣದ ಸರಳುಗಳ ಮೇಲೆ ಮಲಗಿಸಿ ಕೆಳಗೆ ಬೆಂಕಿ ಹಾಕಿಸಿದ ಎಂದು ಪರಂಪರೆ ಹೇಳುತ್ತದೆ. ಅಂದು ಆಗಸ್ಟ್ 10. ಈಗಲೂ ಕೆಥೋಲಿಕರ ಪಂಚಾಂಗದಲ್ಲಿ ಲಾರೆನ್ಸರ ದಿನ ಅದೇ.

“ಬೆಂಕಿಯ ಮೇಲೆ ಪ್ರಾಣ ಬಿಟ್ಟವರಲ್ಲವಾ? ಅದಕ್ಕೇ ಅಡುಗೆಯವರಿಗೆಲ್ಲ ಅವರೇ ಸಂತ,” ಎಂದರು ಬಾಯಮ್ಮ. “ನಮಗೂ ನಿಮಗೂ ಒಲೆಯ ಮುಂದೆ ಕೈ ಸುಡುತ್ತದಲ್ಲ ಮಾರಾಯ್ರೇ, ಅವರಿಗೆ ಗೊತ್ತಿರುತ್ತದೆ!”

ಹೌದು, ಜಗತ್ತಿನಾದ್ಯಂತ ಕೆಥೋಲಿಕರು ಲಾರೆನ್ಸರನ್ನು ಬಡವರ ಮತ್ತು ಅಡುಗೆಯವರ ಪಾಲಕರೆಂದು ನಂಬುತ್ತಾರೆ. ಚಿತ್ರಗಳಲ್ಲಿ ಅವರ ಕೈಯಲ್ಲಿ ಕಬ್ಬಿಣದ ಜಾಲರಿಯೊಂದು ಇರುತ್ತದೆ. ನಮ್ಮ ಮನೆಯ ಹಪ್ಪಳ ಸುಡುವ ಜಾಲರಿಯ ಹಾಗೆಯೇ ಕಾಣಿಸುವ ಅದನ್ನು ನೋಡಿದಾಗ ಯಾಕೋ ಈ ಸಂತರು ನನಗೆ ಬಹಳ ಹತ್ತಿರದವರು ಎನಿಸಿದರು.

ಆಗಸ್ಟ್‌ನ ಸಂತರಿಗೆ ಜನವರಿಯಲ್ಲಿ ಜಾತ್ರೆಯೇಕೆ ಎಂಬ ಸಂಶಯ ನಿಮಗೂ ಬಂದಿರಬಹುದು. ಆಗಸ್ಟ್‌ನಲ್ಲಿ ಕಾರ್ಕಳದ ಮಳೆ ಕಂಡವರು ಈ ಪ್ರಶ್ನೆ ಕೇಳುವುದಿಲ್ಲ. ಗದ್ದೆಯಲ್ಲಿ ನೀರು, ದಾರಿಯಲ್ಲಿ ಕೆಸರು. ಜನವರಿಗೆ ಬಂದರೆ ಮುಂಗಾರಿನ ಬೆಳೆ ಮನೆಗೆ ಬಂದು ಕೈ ಸ್ವಲ್ಪ ಬಿಡುವಾಗಿರುತ್ತದೆ. ಕರಾವಳಿಯ ಕೋಲ, ಕಂಬಳ, ರಥೋತ್ಸವ, ಯಕ್ಷಗಾನ ಎಲ್ಲಕ್ಕೂ ಇದೇ ಕಾಲವಲ್ಲವೇ? ಸಾಂತ್‌ಮಾರಿಯೂ ಅವುಗಳ ಸಾಲಿನಲ್ಲಿ ಸೇರಿಕೊಂಡಿದೆ.

ಏಳದ ಮೂರ್ತಿ

ಅತ್ತೂರಿನ ಇಗರ್ಜಿಯ ಆರಂಭವನ್ನು 1759ಕ್ಕೆ ಹೇಳುತ್ತಾರೆ. ಆಮೇಲೆ ಕಷ್ಟದ ದಿನಗಳು ಬಂದವು. 1784ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಾಟಿ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಅನೇಕರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಉಳಿದವರು ಊರಿಗೆ ಮರಳಿ, ಇದ್ದ ಮನೆ, ಗದ್ದೆ, ಇಗರ್ಜಿ ಎಲ್ಲವನ್ನೂ ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು.

ಹೊಸ ಇಗರ್ಜಿಗೆ ಜಾಗ ಹುಡುಕಿದ ಕಥೆಯನ್ನು ಅಲ್ಲಿ ಮಕ್ಕಳೂ ಹೇಳುತ್ತಾರೆ. ಪಾದ್ರಿಗಳು ಒಂದಡಿ ಎತ್ತರದ ಲಾರೆನ್ಸರ ಮರದ ಮೂರ್ತಿಯನ್ನು ಜೊತೆಯಲ್ಲಿಟ್ಟುಕೊಂಡು ಜಾಗ ನೋಡುತ್ತಾ ಹೊರಟರಂತೆ. ಗುಡ್ಡದ ಬುಡಕ್ಕೆ ಬಂದಾಗ ಬಾಯಾರಿತು. ಅಲ್ಲೊಂದು ನೀರಿನ ಒರತೆ. ಮೂರ್ತಿಯನ್ನು ನೆಲದ ಮೇಲಿಟ್ಟು ನೀರು ಕುಡಿದು, ಮತ್ತೆ ಎತ್ತಲು ಹೋದರೆ ಮೂರ್ತಿ ಅಲುಗಾಡಲಿಲ್ಲ! ಎಷ್ಟು ಎಳೆದರೂ ಏಳಲಿಲ್ಲ. ಕಡೆಗೆ, “ಇಲ್ಲಿಯೇ ನಿಮಗೆ ಗುಡಿ ಕಟ್ಟುತ್ತೇವೆ” ಎಂದು ಮಾತು ಕೊಟ್ಟ ಮೇಲೆ ಹೂವಿನ ಹಾಗೆ ಎದ್ದು ಬಂತಂತೆ.

ಈ ಕಥೆ ಕೇಳುತ್ತಿದ್ದ ಹಾಗೆ ನನಗೆ ನಮ್ಮ ಕಡೆಯ ಎಷ್ಟೋ ದೇವಸ್ಥಾನಗಳ ಸ್ಥಳಪುರಾಣ ನೆನಪಾಯಿತು. ಅಲ್ಲೂ ದೇವರು ಹೀಗೆಯೇ ಹಟ ಹಿಡಿದು ಕೂರುತ್ತಾನಲ್ಲವೇ! ಆ ಒರತೆಯ ಜಾಗದ ಕೆರೆಯನ್ನು ಅಲ್ಲಿನವರು ಪುಷ್ಕರಿಣಿ ಎಂದೇ ಕರೆಯುತ್ತಾರೆ. ಹೆಸರು ನಮ್ಮದು, ನೀರು ಎಲ್ಲರದು. ಬಂದವರು ಬಾಟಲಿಗಳಲ್ಲಿ ತುಂಬಿಕೊಂಡು ಹೋಗುತ್ತಾರೆ.

ಅತ್ತೂರು ಮೊದಲು ಮಂಗಳೂರು ಧರ್ಮಪ್ರಾಂತಕ್ಕೆ ಸೇರಿತ್ತು. 2012ರಲ್ಲಿ ಉಡುಪಿ ಧರ್ಮಪ್ರಾಂತ ಬೇರೆಯಾದ ಮೇಲೆ ಅದರಲ್ಲಿದೆ. 2016ರಲ್ಲಿ ಈ ಇಗರ್ಜಿಗೆ ರೋಮ್‌ನಿಂದ ಬಸಿಲಿಕ ಎಂಬ ಗೌರವ ಬಂತು. ಕರ್ನಾಟಕದಲ್ಲಿ ಇದಕ್ಕೆ ಮೊದಲು ಆ ಗೌರವ ಸಿಕ್ಕಿದ್ದು ಬೆಂಗಳೂರು ಶಿವಾಜಿನಗರದ ಸಂತ ಮೇರಿ ಇಗರ್ಜಿಗೆ, 1973ರಲ್ಲಿ. ಇಷ್ಟೆಲ್ಲ ಆದರೂ ಜನರ ಬಾಯಲ್ಲಿ ಅದು ಅತ್ತೂರು ಇಗರ್ಜಿಯೇ.

ಇಪ್ಪತ್ತೊಂದು ಪೊಟ್ಟಣ

ಜಾತ್ರೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನಾದಿನಿಯ ಅತ್ತೆ ಆಗಲೇ ಸ್ನಾನ ಮುಗಿಸಿ ಅಡುಗೆಮನೆಯಲ್ಲಿ ಕೂತಿದ್ದಾರೆ. ಎಪ್ಪತ್ತು ದಾಟಿದವರು. ಎದುರಿಗೆ ದೊಡ್ಡ ಪಾತ್ರೆಯಲ್ಲಿ ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿ ಕಲಸಿದ ಅವಲಕ್ಕಿ. ಬಾಳೆಲೆಯ ತುಂಡುಗಳಲ್ಲಿ ಅದನ್ನು ಹಾಕಿ, ಮೇಲೊಂದು ಕಾಗದ ಸುತ್ತಿ, ದಾರ ಕಟ್ಟಿ ಇಡುತ್ತಿದ್ದಾರೆ. ಎಣಿಸಿದೆ, ಇಪ್ಪತ್ತೊಂದು ಪೊಟ್ಟಣ. ಅಷ್ಟರಲ್ಲಿ ಬಾಯಮ್ಮ ಹಿತ್ತಿಲ ಬಾಗಿಲಿನಿಂದ ಬಂದು, “ಅಕ್ಕ, ಬಸ್ಸಿಗೆ ಹೊತ್ತಾಯಿತು” ಎಂದರು.

ಜಾತ್ರೆಯ ದಿನಗಳಲ್ಲಿ ಪೇಟೆಯಿಂದ ಅತ್ತೂರಿಗೆ ಒಂದರ ಹಿಂದೆ ಒಂದು ಬಸ್ಸು. ಇಳಿದ ಮೇಲೂ ಒಂದಷ್ಟು ದೂರ ನಡೆಯಬೇಕು. ಎರಡೂ ಬದಿಯಲ್ಲಿ ಅಂಗಡಿಗಳು. ಬಳೆ, ಟಿಕಲಿ, ಬೆಂಡು ಬತ್ತಾಸು, ಖರ್ಜೂರ, ಚರುಮುರಿ, ಕಬ್ಬಿನ ಹಾಲು, ಪ್ಲಾಸ್ಟಿಕ್ಕಿನ ಪೀಪಿ. ಮಕ್ಕಳು ಕೈ ಬಿಡಿಸಿಕೊಂಡು ಓಡಲು ಇಷ್ಟು ಸಾಲದೇ! ಅವುಗಳ ನಡುನಡುವೆ ರಾಶಿ ಹಾಕಿದ ಮೇಣದಬತ್ತಿ. ಬೆರಳುದ್ದದ್ದರಿಂದ ಮೊಳದುದ್ದದವರೆಗೂ.

ಅಂಗಡಿ ಸಾಲು ಮುಗಿಯುವ ಕಡೆ ಬೇರೆ ಒಂದು ಸಾಲು. ಕಾಲಿಲ್ಲದವರು, ಕಣ್ಣಿಲ್ಲದವರು, ಮಡಿಲಲ್ಲಿ ಮಗು ಮಲಗಿಸಿಕೊಂಡವರು. ಮುಂದೆ ಹರಡಿದ ಬಟ್ಟೆಯ ಮೇಲೆ ಚಿಲ್ಲರೆ. ಬೇರೆ ಜಾತ್ರೆಗಳಲ್ಲಾದರೆ ನಾವು ಒಂದೆರಡು ನಾಣ್ಯ ಹಾಕಿ, ಮಕ್ಕಳನ್ನು ಈಚೆಗೆ ಎಳೆದುಕೊಂಡು, ಮುಖ ತಿರುಗಿಸಿ ಬೇಗ ಬೇಗ ದಾಟುತ್ತೇವೆ. ಆ ಮುದುಕಿ ಹಾಗೆ ಮಾಡಲಿಲ್ಲ. ಪ್ರತಿಯೊಬ್ಬರ ಮುಂದೆಯೂ ಬಗ್ಗಿ, ಪೊಟ್ಟಣವನ್ನು ಕೈಗೇ ಕೊಟ್ಟು, “ತಿನ್ನಿ, ಈಗ ಮಾಡಿದ್ದು” ಎನ್ನುತ್ತಾ ಹೋದರು. ಬಾಯಮ್ಮನ ಚೀಲದಿಂದ ಬಾಳೆಹಣ್ಣು ಬರುತ್ತಿತ್ತು. ಇಬ್ಬರಿಗೂ ಇದು ಹಲವು ವರ್ಷದ ರೂಢಿಯೆಂದು ನೋಡಿದರೇ ತಿಳಿಯುತ್ತಿತ್ತು. ಬಾಯಮ್ಮ ರಾತ್ರಿ ಹೇಳಿದ, ಅಧಿಕಾರಿಯ ಎದುರು ಸಾಲಾಗಿ ನಿಂತ ಆ ‘ಸಂಪತ್ತು’ ನನಗೆ ಆಗ ಕಣ್ಣಿಗೆ ಕಂಡ ಹಾಗಾಯಿತು.

ಇಗರ್ಜಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೂ ಒಂದಾದ ಮೇಲೊಂದು ಪೂಜೆ. ಕೆಲವು ಕೊಂಕಣಿಯಲ್ಲಿ, ಕೆಲವು ಕನ್ನಡದಲ್ಲಿ. ಮಕ್ಕಳಿಗಾಗಿ, ಕಾಯಿಲೆಯವರಿಗಾಗಿ ವಿಶೇಷ ಪ್ರಾರ್ಥನೆಗಳೂ ಇರುತ್ತವೆ. ಕನ್ನಡದ ಪೂಜೆಯಲ್ಲಿ ಒಂದಿಷ್ಟು ಹೊತ್ತು ಹಿಂದೆ ನಿಂತೆವು. ನಮ್ಮ ಪಕ್ಕದಲ್ಲಿ ಕುಂಕುಮದವರು, ತಲೆಗೆ ಸೆರಗು ಹೊದ್ದವರು, ಕೊರಳಲ್ಲಿ ಜಪಸರದವರು. ಯಾರೂ ಯಾರನ್ನೂ ಯಾಕೆ ಬಂದಿರಿ ಎಂದು ಕೇಳಲಿಲ್ಲ. ಕಾಲಿಗೆ ಕಾಲು ತಾಗಿದರೆ ಎಲ್ಲರೂ ಒಂದೇ ರೀತಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಹರಕೆಯ ಮಾತು

ಬತ್ತಿ ಹಚ್ಚುವ ಜಾಗದಲ್ಲಿ ಉರಿಯ ಝಳವೆಂದರೆ ಹೇಳತೀರದು. ನಾದಿನಿಯ ಅತ್ತೆ ಎರಡು ಬತ್ತಿ ಹಚ್ಚಿದರು. ಒಂದು ಮನೆಯವರೆಲ್ಲರಿಗಾಗಿ. ಇನ್ನೊಂದು ಯಾರಿಗೆಂದು ನಾನು ಕೇಳಿದೆ.

ಮರದ ನೆರಳಲ್ಲಿ ಕೂತ ಮೇಲೆ ಅವರು ಹೇಳಿದರು. ಅವರಿಗೆ ಮೊದಲೊಬ್ಬಳು ಮಗಳಿದ್ದಳು. ಎಂಟು ವರ್ಷದವಳಿದ್ದಾಗ ಕಾಯಿಲೆ ಬಿತ್ತು. ಊರಿನ ಡಾಕ್ಟರು, ಆಮೇಲೆ ದೊಡ್ಡಾಸ್ಪತ್ರೆ, ಕೈಯಲ್ಲಿದ್ದದ್ದೆಲ್ಲ ಕರಗಿತು. ಆಗ ಬಾಯಮ್ಮನ ಮಾತಿನ ಮೇಲೆ, ಮಗು ಎದ್ದು ಓಡಾಡಿದರೆ ಅವಳಷ್ಟೇ ಎತ್ತರದ ಬತ್ತಿ ಹಚ್ಚುತ್ತೇನೆಂದು ಅತ್ತೂರಿಗೆ ಹರಕೆ ಹೇಳಿಕೊಂಡರು. ಮಗು ಉಳಿಯಲಿಲ್ಲ.

ನನಗೆ ಏನು ಹೇಳಲೂ ತೋಚಲಿಲ್ಲ. “ಆದರೂ ಬತ್ತಿ ಹಚ್ಚುತ್ತೀರಲ್ಲ ಅಮ್ಮಾ?” ಎಂದೆ ಮೆಲ್ಲನೆ.

“ನೋಡು ಮಗಾ,” ಎಂದರು ಅವರು, “ಆ ವರ್ಷ ನನಗೆ ಯಾವ ದೇವರೂ ಬೇಡ ಅನ್ನಿಸಿತ್ತು. ನಮ್ಮ ಮನೆಯ ದೇವರಕೋಣೆಗೂ ನಾನು ಹೋಗಲಿಲ್ಲ. ಜನವರಿ ಬಂತು. ಇವರು ಬಂದು, ಹೋಗುವಾ ಅಕ್ಕ ಅಂದರು. ಬೈದು ಕಳಿಸಿದೆ. ಇವರು ಹೋಗಲಿಲ್ಲ, ಮೆಟ್ಟಿಲ ಮೇಲೆ ಕೂತರು. ಮಧ್ಯಾಹ್ನದವರೆಗೂ ಕೂತರು. ಇವರ ಮನೆಯಲ್ಲಿ ಹಬ್ಬ, ಮನೆ ತುಂಬ ನೆಂಟರು, ಆದರೂ ಕೂತರು. ಕಡೆಗೆ ನಾನೇ ಸೀರೆ ಉಟ್ಟುಕೊಂಡು ಹೊರಟೆ. ಇಲ್ಲಿ ಬಂದು ನೋಡಿದರೆ ನನ್ನ ಹಾಗೆ ಎಷ್ಟು ಜನ! ಪಡೆದವರೂ ಬರುತ್ತಾರೆ, ಕಳೆದುಕೊಂಡವರೂ ಬರುತ್ತಾರೆ. ಅಳುವವರನ್ನು ಇಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಅವತ್ತು ಮಗುವಿನ ಹೆಸರಿನಲ್ಲಿ ಒಂದು ಬತ್ತಿ ಹಚ್ಚಿದೆ. ಈಗಲೂ ಹಚ್ಚುತ್ತೇನೆ. ಅವಲಕ್ಕಿ ಅವಳಿಗೆ ಬಹಳ ಇಷ್ಟವಿತ್ತು.”

ಬಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ಎಂದಿನ ಧಾಟಿಯಲ್ಲೇ ಹೇಳಿದರು: “ಡಾಕ್ಟರ ಹತ್ತಿರವೂ ಹೋಗಬೇಕು, ಇಲ್ಲಿಗೂ ಬರಬೇಕು ಮಾರಾಯ್ರೇ. ಔಷಧಿ ಬಿಟ್ಟು ಹರಕೆ ಹೇಳಿಕೊಂಡರೆ ಸಂತರೂ ಬೈದಾರು.”

ಹರಕೆ ಎಂದರೆ ನಾವು ಹೆಚ್ಚಾಗಿ ವ್ಯಾಪಾರದ ಹಾಗೆ ತಿಳಿಯುತ್ತೇವೆ. ನೀನು ಅದು ಕೊಡು, ನಾನು ಇದು ಕೊಡುತ್ತೇನೆ ಎನ್ನುವ ಲೆಕ್ಕ. ಅತ್ತೂರಿನ ಆ ಮರದ ನೆರಳಲ್ಲಿ ಕೂತಾಗ ನನಗೆ ಹರಕೆಗೆ ಇನ್ನೊಂದು ಅರ್ಥ ತಿಳಿಯಿತು. ದುಃಖವನ್ನು ಮನೆಯ ಮೂಲೆಯಲ್ಲಿ ಒಬ್ಬಳೇ ಹೊತ್ತು ಕೂರದೆ, ವರ್ಷಕ್ಕೊಮ್ಮೆಯಾದರೂ ಹೊರಗೆ ತಂದು ನಾಲ್ಕು ಜನರ ನಡುವೆ ಇಳಿಸುವುದು. ಅಲ್ಲಿಂದ ಮನೆಗೆ ಮರಳುವಾಗ ಇನ್ನೊಬ್ಬರ ಹೊಟ್ಟೆಗೆ ಒಂದಿಷ್ಟು ಹಾಕಿ ಬರುವುದು. ಅಡುಗೆಯವರ ಸಂತರಿಗೆ ಇದಕ್ಕಿಂತ ಬೇರೆ ಸೇವೆ ಏನು ಬೇಕು?

ಹಬ್ಬದ ಊಟ

ಸಂಜೆ ಬಾಯಮ್ಮನ ಮನೆಯಲ್ಲಿ ಊಟ. ಅವರಲ್ಲಿ ಹಬ್ಬವೆಂದರೆ ಮಾಂಸದ ಅಡುಗೆ ಇದ್ದದ್ದೇ. ಆದರೆ ನಾದಿನಿಯ ಮನೆಯವರಿಗೆಂದು ಬೇರೆಯೇ ಪಾತ್ರೆ, ಬೇರೆಯೇ ಸೌಟು ಅಟ್ಟದ ಮೇಲೆ ಇಟ್ಟಿರುತ್ತಾರೆ, ವರ್ಷಕ್ಕೊಮ್ಮೆ ಇಳಿಸುತ್ತಾರೆ. ನಮಗೆ ಬಡಿಸಿದ್ದು ಸಾನ್ನಾಂ, ತೆಂಗಿನಹಾಲು–ಬೆಲ್ಲದ ರಸ, ಜೊತೆಗೆ ಕಡಲೆಬೇಳೆಯ ಪಾಯಸ. ಈ ಪಾಯಸಕ್ಕೆ ಅವರು ವೊರ್ನ್ ಎನ್ನುತ್ತಾರೆ. ಸಾನ್ನಾಂ ನೋಡಲು ನಮ್ಮ ಇಡ್ಲಿಯ ತಂಗಿ, ಆದರೆ ಇನ್ನೂ ಮೆದು, ತುಸು ಸಿಹಿ. ಕೇಳಿ ಬರೆದುಕೊಂಡು ಬಂದಿದ್ದೇನೆ, ನೀವೂ ಮಾಡಿ ನೋಡಿ.

ಬೆಳ್ತಿಗೆ ಅಕ್ಕಿ ಒಂದು ಲೋಟ, ಕುಸುಬಲು ಅಕ್ಕಿ ಒಂದು ಲೋಟ, ಉದ್ದಿನಬೇಳೆ ಕಾಲು ಲೋಟ. ಅಕ್ಕಿ, ಬೇಳೆ ಬೇರೆ ಬೇರೆ ಐದಾರು ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ಒಟ್ಟಿಗೆ ಸೇರಿಸಿ. ಕೆಥೋಲಿಕರ ಮನೆಗಳಲ್ಲಿ ಹಿಟ್ಟು ಉಬ್ಬಲು ಶೇಂದಿ ಹಾಕುವುದು ಪದ್ಧತಿ. ನಮ್ಮಂಥವರಿಗೆ ಅದು ಆಗದು ಎಂದಾದರೆ ಅರ್ಧ ಚಮಚ ಯೀಸ್ಟ್‌ಗೆ ಒಂದು ಚಮಚ ಸಕ್ಕರೆ ಸೇರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಹಿಟ್ಟಿಗೆ ಬೆರೆಸಿ. ಹಿಟ್ಟು ಇಡ್ಲಿಯ ಹದಕ್ಕೇ ಇರಲಿ. ಎರಡು ಮೂರು ಗಂಟೆಯಲ್ಲಿ ಉಬ್ಬಿ ಬರುತ್ತದೆ. ರುಚಿಗೆ ಉಪ್ಪು ಹಾಕಿ, ಸಣ್ಣ ಬಟ್ಟಲುಗಳಲ್ಲಿ ಅರ್ಧಕ್ಕೆ ಮಾತ್ರ ಹೊಯ್ದು, ಹದಿನೈದು ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಪೂರ್ತಿ ತುಂಬಿದರೆ ಉಕ್ಕಿ ಹೊರಗೆ ಬರುತ್ತದೆ, ಜೋಕೆ!

ಹೋಗುವವರಿಗೆ ಒಂದೆರಡು ಮಾತು

ಮಂಗಳೂರಿನಿಂದ ಕಾರ್ಕಳಕ್ಕೆ ಸುಮಾರು 50 ಕಿಲೋಮೀಟರು, ಉಡುಪಿಯಿಂದ ಸುಮಾರು 40. ಎರಡೂ ಕಡೆಯಿಂದ ಬೇಕಾದಷ್ಟು ಬಸ್ಸುಗಳಿವೆ. ದಿನಾಂಕ ವರ್ಷ ವರ್ಷಕ್ಕೆ ಬದಲಾಗುವುದರಿಂದ ಮೊದಲೇ ವಿಚಾರಿಸಿ ಹೊರಡಿ. ನೂಕುನುಗ್ಗಲು ಬೇಡವೆನ್ನುವವರು ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ರಾತ್ರಿಯ ದೀಪದ ಅಲಂಕಾರ ನೋಡಬೇಕೆನ್ನುವವರು ಮಕ್ಕಳಿಗೆ ಸ್ವೆಟರು ಇಟ್ಟುಕೊಳ್ಳಿ. ಬತ್ತಿ ಹಚ್ಚುವಲ್ಲಿ ನೈಲಾನ್, ಜಾರ್ಜೆಟ್ ಸೀರೆ ಬೇಡ. ಹತ್ತಿಯ ಸೀರೆ ಉಟ್ಟು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಚಿನ್ನವನ್ನೆಲ್ಲ ಮನೆಯಲ್ಲೇ ಬಿಟ್ಟುಬಿಡಿ. ಮಕ್ಕಳ ಜೇಬಿನಲ್ಲಿ ಹೆಸರು, ಫೋನ್ ನಂಬರು ಬರೆದ ಚೀಟಿ ಇರಲಿ.

ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುವವರು ನಿಮಗೆ, ಮಕ್ಕಳಿಗೆ ಎಷ್ಟು ಬೇಕೋ ಅಷ್ಟು ಕಟ್ಟಿಕೊಳ್ಳಿ. ಆಮೇಲೆ ಒಂದು ಪೊಟ್ಟಣ ಹೆಚ್ಚಿಗೆ ಕಟ್ಟಿ. ಅದನ್ನು ಯಾರಿಗೆ ಕೊಡಬೇಕೆಂದು ಅತ್ತೂರಿನ ದಾರಿಯಲ್ಲಿ ನಿಮಗೆ ತಾನಾಗಿಯೇ ತಿಳಿಯುತ್ತದೆ.